ಹ್ಯಾರಿ ಯಾಕೆ ಅಷ್ಟು ಕೂಗಾಡಿದ?

ಹ್ಯಾರಿ ಪಾಟರ್ ಸರಣಿಯ ಐದನೆಯ ಪುಸ್ತಕ ಬಂದಾಗ ಜನ ಮೊದಲು ಮಾತಾಡಿದ್ದು ಅದರ ತೂಕದ ಬಗ್ಗೆ. 1997ರಲ್ಲಿ ಬಂದ ಮೊದಲನೆಯ ಪುಸ್ತಕಕ್ಕೆ 223 ಪುಟ. ಶಾಲೆಯ ಚೀಲದಲ್ಲಿ ಗಣಿತದ ನೋಟ್ಸಿನ ಪಕ್ಕ ಸುಮ್ಮನೆ ಕೂತುಕೊಳ್ಳುವಂಥದ್ದು. 2003ರ ಜೂನ್ 21ರಂದು ಬಂದ ‘ಆರ್ಡರ್ ಆಫ್ ದ ಫೀನಿಕ್ಸ್’ಗೆ ಲಂಡನ್ನಿನ ಬ್ಲೂಮ್ಸ್‌ಬರಿ ಮುದ್ರಣದಲ್ಲಿ 766 ಪುಟ, ಅಮೆರಿಕದ ಮುದ್ರಣದಲ್ಲಿ 870. ಏಳು ಪುಸ್ತಕಗಳಲ್ಲಿ ಇದೇ ಅತಿ ದೊಡ್ಡದು. ಮಲಗಿಕೊಂಡು ಓದಿದರೆ ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗೆ.

ನಮ್ಮ ಮನೆಯಲ್ಲಿರುವ ಪ್ರತಿ ಆ ಜೂನ್ ತಿಂಗಳಿನದೇ. ಆಗ ತಾನೇ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದ ನನ್ನ ಮಗಳು ಕೊಂಡದ್ದು. ಈಗ ಅವಳ ಮಗಳು, ಏಳನೇ ಕ್ಲಾಸು, ಅದನ್ನೇ ಓದಿ ಮುಗಿಸಿದ್ದಾಳೆ. ಬೆನ್ನು ಎರಡು ಸಲ ಕಿತ್ತುಹೋಗಿ ನಾನೇ ಕಂದು ಟೇಪು ಹಾಕಿದ್ದೇನೆ. ಬ್ಯಾಂಕಿನಲ್ಲಿ ಲೆಡ್ಜರುಗಳಿಗೆ ಹಾಕಿ ಹಾಕಿ ಕೈಗೆ ಅಭ್ಯಾಸ. ಇಬ್ಬರ ನಡುವೆ ನಾನೂ ಒಂದು ಸಲ ಓದಿದೆ. ಸುತ್ತೋಲೆಗಳನ್ನು ಓದಿ ಬೆಳೆದ ನನ್ನ ಇಂಗ್ಲಿಷಿಗೆ ಎರಡು ತಿಂಗಳು ಹಿಡಿಯಿತು.

ಕಥೆ ಗೊತ್ತಿಲ್ಲದ ಅಜ್ಜ ಅಜ್ಜಿಯರಿಗೆ ನಾಲ್ಕು ಮಾತು ಹೇಳುತ್ತೇನೆ. ಗೊತ್ತಿರುವ ಮಕ್ಕಳು ಈ ಪ್ಯಾರಾ ಹಾರಿಸಬಹುದು. ಹ್ಯಾರಿ ತಂದೆತಾಯಿ ಇಲ್ಲದ ಹುಡುಗ. ವೋಲ್ಡೆಮಾರ್ಟ್ ಎಂಬ ದುಷ್ಟ ಮಾಂತ್ರಿಕ ಅವರನ್ನು ಕೊಂದಿದ್ದಾನೆ. ಮಗುವನ್ನು ಕೊಲ್ಲಲು ಹೋಗಿ ತಾನೇ ಸೋತಿದ್ದಾನೆ. ಹುಡುಗ ದೊಡ್ಡಮ್ಮನ ಮನೆಯಲ್ಲಿ ಅವರಿವರ ಕೈಲಿ ಬೈಸಿಕೊಂಡು ಬೆಳೆದು, ಹನ್ನೊಂದನೆಯ ವರ್ಷಕ್ಕೆ ಹಾಗ್‌ವರ್ಟ್ಸ್ ಎಂಬ ಮಾಂತ್ರಿಕರ ಶಾಲೆಗೆ ಸೇರುತ್ತಾನೆ. ಅಲ್ಲಿ ಬಿಳಿಗಡ್ಡದ ಮುಖ್ಯೋಪಾಧ್ಯಾಯರು ಡಂಬಲ್ಡೋರ್. ಜೊತೆಗೆ ರಾನ್, ಹರ್ಮಯೋನಿ ಎಂಬ ಇಬ್ಬರು ಗೆಳೆಯರು. ಒಂದೊಂದು ಪುಸ್ತಕಕ್ಕೆ ಒಂದೊಂದು ಶಾಲಾ ವರ್ಷ. ಮೊದಲ ಮೂರು ಪುಸ್ತಕಗಳಲ್ಲಿ ಏನೇ ಅಪಾಯ ಬಂದರೂ ವರ್ಷದ ಕೊನೆಗೆ ಊಟದ ಹಾಲಿನಲ್ಲಿ ಚಪ್ಪಾಳೆ ಬೀಳುತ್ತದೆ, ಎಲ್ಲರೂ ರೈಲು ಹತ್ತಿ ರಜೆಗೆ ಹೋಗುತ್ತಾರೆ.

ಇನ್ನು ಮುಂದೆ ಐದನೆಯ, ಆರನೆಯ ಪುಸ್ತಕಗಳ ಗುಟ್ಟು ಬರುತ್ತದೆ. ಇನ್ನೂ ಓದದ ಮಕ್ಕಳು ಪತ್ರಿಕೆಯನ್ನು ತಾತನ ಕೈಗೆ ಕೊಟ್ಟು ಆಡಲು ಹೋಗುವುದು ಒಳ್ಳೆಯದು.

ದಾರಿ ತಿರುಗಿದ್ದು 2000ದ ಜುಲೈಯಲ್ಲಿ ಬಂದ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ. ಸೆಡ್ರಿಕ್ ಎಂಬ ಒಳ್ಳೆಯ ಹುಡುಗ, ಹ್ಯಾರಿಗಿಂತ ಮೂರು ವರ್ಷ ದೊಡ್ಡವನು, ಸ್ಮಶಾನವೊಂದರಲ್ಲಿ ಕ್ಷಣಮಾತ್ರದಲ್ಲಿ ಸತ್ತುಹೋಗುತ್ತಾನೆ. ಯುದ್ಧ ಮಾಡಿ ಅಲ್ಲ, ತ್ಯಾಗ ಮಾಡಿ ಅಲ್ಲ, ಅಡ್ಡ ನಿಂತಿದ್ದ ಅಂತ. ಮಕ್ಕಳು ಪುಸ್ತಕ ಮುಚ್ಚಿ ಮೂರು ವರ್ಷ ಕಾದರು. ಆ ಮೂರು ವರ್ಷದಲ್ಲಿ ಓದುಗರ ಸಂಖ್ಯೆಯೂ ಬೆಳೆಯಿತು, ಕಾತರವೂ ಬೆಳೆಯಿತು. ಐದನೆಯದು ಬಿಡುಗಡೆಯಾಗುವ ಕೆಲವೇ ದಿನ ಮುಂಚೆ ಇಂಗ್ಲೆಂಡಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರತಿ ತುಂಬಿದ್ದ ಲಾರಿಯನ್ನೇ ಯಾರೋ ಕದ್ದರು. ಚಿನ್ನದ ಅಂಗಡಿ ಬಿಟ್ಟು ಮಕ್ಕಳ ಪುಸ್ತಕದ ಲಾರಿಗೆ ಕನ್ನ ಹಾಕುವ ಕಾಲ ಬರುತ್ತದೆ ಎಂದು ನಾವು ಯಾರೂ ಎಣಿಸಿರಲಿಲ್ಲ. ಬಿಡುಗಡೆಯಾದ ಮೊದಲ ದಿನವೇ ಅಮೆರಿಕದಲ್ಲಿ ಸುಮಾರು 50 ಲಕ್ಷ ಪ್ರತಿ ಖರ್ಚಾದವು.

ಇಷ್ಟು ಕಾದವರ ಕೈಗೆ ಸಿಕ್ಕಿದ್ದೇನು? ಸಿಡುಕುವ ಹ್ಯಾರಿ.

ಹದಿನೈದು ವರ್ಷದ ಹುಡುಗ, ಬೇಸಿಗೆ ರಜೆ, ಕಿಟಕಿಯ ಕೆಳಗೆ ಹೂವಿನ ಪಾತಿಯಲ್ಲಿ ಮಲಗಿ ಒಳಗಿನ ಟಿವಿ ವಾರ್ತೆ ಕದ್ದು ಕೇಳುತ್ತಿದ್ದಾನೆ. ಗೆಳೆಯರ ಕಾಗದಗಳಲ್ಲಿ ವಿಷಯವೇ ಇಲ್ಲ. ಸೆಡ್ರಿಕ್ ಸತ್ತದ್ದನ್ನು ಕಣ್ಣಾರೆ ಕಂಡವನು ಇವನೊಬ್ಬನೇ. ಆದರೂ ವೋಲ್ಡೆಮಾರ್ಟ್ ಮರಳಿ ಬಂದ ಎಂದರೆ ಪತ್ರಿಕೆಗಳು ಇವನನ್ನು ಸುಳ್ಳುಗಾರ ಎನ್ನುತ್ತವೆ. ಕೊನೆಗೂ ಗೆಳೆಯರು ಸಿಕ್ಕಿದಾಗ ಸಂತೋಷಪಡುವ ಬದಲು ಅವರ ಮೇಲೆ ಹರಿಹಾಯುತ್ತಾನೆ. ಪುಸ್ತಕದಲ್ಲಿ ಆ ಮಾತುಗಳನ್ನೆಲ್ಲ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿದ್ದಾರೆ. ಇಂಗ್ಲಿಷಿನವರಿಗೆ ಅದೊಂದು ಅನುಕೂಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಕನ್ನಡದಲ್ಲಿ ಕೂಗಾಡಬೇಕಾದರೆ ಆಶ್ಚರ್ಯಚಿಹ್ನೆಯ ಪೊಟ್ಟಣವೇ ಬೇಕು.

ಓದುಗರಿಗೆ ಇದು ಹಿಡಿಸಲಿಲ್ಲ. ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ. ನಗುನಗುತ್ತಿದ್ದ ಹುಡುಗ ಎಲ್ಲಿ ಹೋದ? ಚಾಕೊಲೇಟು ಕಪ್ಪೆ, ಹಾರುವ ಕಾರು ಎಲ್ಲಿ? ಇವನು ಬರೀ ಮುಖ ಸಿಂಡರಿಸಿಕೊಂಡು, ಪ್ರೀತಿಸುವವರ ಮೇಲೇ ಎಗರಾಡುತ್ತಾನಲ್ಲ? ಆವತ್ತು ಕೇಳಿಬಂದ ಈ ದೂರು ಇಂದಿಗೂ ನಿಂತಿಲ್ಲ. ಹ್ಯಾರಿ ಪಾಟರ್ ಓದಿದ ಯಾವುದೇ ಇಬ್ಬರನ್ನು ಒಟ್ಟಿಗೆ ಕೂರಿಸಿ ಐದನೆಯ ಪುಸ್ತಕ ಎಂದರೆ ಸಾಕು, ಜಗಳ ಗ್ಯಾರಂಟಿ. ಒಬ್ಬರಿಗೆ ಅದೇ ಎಲ್ಲಕ್ಕಿಂತ ಇಷ್ಟ, ಇನ್ನೊಬ್ಬರಿಗೆ ಅದೇ ಎಲ್ಲಕ್ಕಿಂತ ಬೇಸರ. ನಡುವಿನವರು ಕಡಿಮೆ.

ನನ್ನ ಮಗಳು ಬೇಸರದ ಪಕ್ಷ. ಅವಳಿಗೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವ ಚಾಳಿ. ಹ್ಯಾರಿ ಮೊದಲ ಸಲ ಕೂಗಾಡುವ ಪುಟದ ಪಕ್ಕ ಗುಂಡಗಿನ ಅಕ್ಷರದಲ್ಲಿ ‘ಸಾಕು ಮಾರಾಯ’ ಎಂದು ಬರೆದಿದ್ದಾಳೆ. ಇನ್ನೂರು ಪುಟದ ನಂತರ ಬರೀ ‘ಸಾಕು’. ಅದಾದ ಮೇಲೆ ಮಾರಾಯನೂ ಇಲ್ಲ ಸಾಕೂ ಇಲ್ಲ, ಒಂದು ಅಡ್ಡಗೀಟು.

ಪುಸ್ತಕದ ಗಾತ್ರದಿಂದ ಆದ ಒಂದು ತಮಾಷೆಯನ್ನು ಹೇಳಲೇಬೇಕು. ವಾಷಿಂಗ್ಟನ್ನಿನ ಮಕ್ಕಳ ವೈದ್ಯರೊಬ್ಬರ ಬಳಿಗೆ ಆ ವರ್ಷ ಎಂಟರಿಂದ ಹತ್ತು ವರ್ಷದ ಮೂವರು ಮಕ್ಕಳು ತಲೆನೋವೆಂದು ಬಂದರಂತೆ. ಪರೀಕ್ಷೆ ಮಾಡಿದರೆ ಏನೂ ಇಲ್ಲ. ವಿಚಾರಿಸಿದರೆ ಮೂವರೂ ಗಂಟೆಗಟ್ಟಲೆ ಈ ಪುಸ್ತಕ ಹಿಡಿದು ಕೂತವರು. ಸ್ವಲ್ಪ ಹೊತ್ತು ಓದು ನಿಲ್ಲಿಸಿ ಎಂದರೆ ಇಬ್ಬರು ಒಪ್ಪಲಿಲ್ಲ, ಮಾತ್ರೆ ನುಂಗುತ್ತೇವೆ, ಪುಸ್ತಕ ಮಾತ್ರ ಬಿಡುವುದಿಲ್ಲ ಎಂದರು. ಪುಸ್ತಕ ಮುಗಿದ ಒಂದೆರಡು ದಿನಕ್ಕೆ ನೋವೂ ಹೋಯಿತು. ವೈದ್ಯರು ಇದಕ್ಕೆ ಹಾಗ್‌ವರ್ಟ್ಸ್ ತಲೆನೋವು ಎಂದು ಹೆಸರಿಟ್ಟು, ದೊಡ್ಡ ದೊಡ್ಡ ವೈದ್ಯರು ಓದುವ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ ಕಾಗದ ಬರೆದರು. ಅದು ಅಚ್ಚೂ ಆಯಿತು.

ದೊಡ್ಡವರ ತಲೆನೋವು ಬೇರೆ ಬಗೆಯದು. ಬುಕರ್ ಪ್ರಶಸ್ತಿ ಪಡೆದ ಇಂಗ್ಲಿಷ್ ಕಾದಂಬರಿಕಾರ್ತಿ ಎ. ಎಸ್. ಬಯಟ್ ಆ ಜುಲೈಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದು, ಇದು ಹಳೆಯ ಕಥೆಗಳ ತುಂಡುಗಳನ್ನು ಹೊಲಿದು ಮಾಡಿದ ಲೋಕ, ಟಿವಿ ನೋಡಿ ಬೆಳೆದ ಕಲ್ಪನೆಗೆ ಇಷ್ಟು ಸಾಕು, ಬೆಳೆದವರು ಇದನ್ನು ಓದುವುದು ಬಾಲ್ಯಕ್ಕೆ ನುಸುಳಿಕೊಳ್ಳುವ ಉಪಾಯ ಎಂಬರ್ಥದ ಮಾತು ಹೇಳಿದರು. ಅದಕ್ಕೆ ಕೆಂಡಾಮಂಡಲರಾದವರೂ ಇದ್ದರು, ತಲೆಯಾಡಿಸಿದವರೂ ಇದ್ದರು. ನನಗೆ ಬಯಟ್ ಮಾತಿನಲ್ಲಿ ಅರ್ಧ ಒಪ್ಪಿಗೆ. ಹಳೆಯ ತುಂಡುಗಳನ್ನು ಹೊಲಿದದ್ದು ಹೌದು. ನಮ್ಮ ಕಡೆಯ ಕೌದಿಯೂ ಹಾಗೇ ಆಗುವುದು, ಚಳಿಗೆ ಬೆಚ್ಚಗೇ ಇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಷ್ಟದವರು, ಬೇಸರದವರು ಎಲ್ಲರೂ ಒಂದಾದರು. ಡೊಲೊರೆಸ್ ಅಂಬ್ರಿಜ್ ಎಂಬ ಹೊಸ ಮೇಡಂ. ಗುಲಾಬಿ ಬಣ್ಣದ ಸ್ವೆಟರು, ಗೋಡೆ ತುಂಬ ಬೆಕ್ಕಿನ ಮರಿಗಳ ಚಿತ್ರದ ತಟ್ಟೆಗಳು, ಸಕ್ಕರೆಪಾಕದ ದನಿ. ಸರ್ಕಾರ ಕಳಿಸಿದವಳು. ಹ್ಯಾರಿ ನಿಜ ಹೇಳಿದ್ದಕ್ಕೆ ಶಿಕ್ಷೆ ಕೊಡುತ್ತಾಳೆ: ಸುಳ್ಳು ಹೇಳುವುದಿಲ್ಲ ಎಂದು ಮತ್ತೆ ಮತ್ತೆ ಬರೆಯಬೇಕು. ಲೇಖನಿಗೆ ಶಾಯಿ ಬೇಡ, ಬರೆದ ಪ್ರತಿ ಅಕ್ಷರ ಅವನ ಕೈಯ ಹಿಂಭಾಗದ ಚರ್ಮದಲ್ಲಿ ಕೊರೆದು ರಕ್ತದಲ್ಲೇ ಮೂಡುತ್ತದೆ. ದೆವ್ವದ ಕಥೆಗಳ ಚಕ್ರವರ್ತಿ ಸ್ಟೀಫನ್ ಕಿಂಗ್ ಪುಸ್ತಕದ ವಿಮರ್ಶೆ ಬರೆಯುತ್ತ ಈ ಹೆಂಗಸನ್ನು ಈಚಿನ ವರ್ಷಗಳ ಅತ್ಯುತ್ತಮ ಖಳಪಾತ್ರಗಳ ಸಾಲಿಗೆ ಸೇರಿಸಿ ಹೊಗಳಿದರು. ನನ್ನ ಮೊಮ್ಮಗಳು ವೋಲ್ಡೆಮಾರ್ಟನನ್ನು ಬೇಕಾದರೆ ಕ್ಷಮಿಸಿಯಾಳು, ಅಂಬ್ರಿಜಳನ್ನು ಇಲ್ಲ. ಕಾರಣ ಕೇಳಿದೆ. “ವೋಲ್ಡೆಮಾರ್ಟ್ ಥರ ಯಾರೂ ಇರಲ್ಲ ತಾತ. ಇವಳ ಥರ ಇರ್ತಾರೆ.”

ನನಗೆ ಅಂಬ್ರಿಜಳ ಸುತ್ತೋಲೆಗಳು ಬಹಳ ಮೆಚ್ಚಿಗೆಯಾದವು. ಒಂದರ ಮೇಲೊಂದು ನಂಬರು ಹಾಕಿ ಶಾಲೆಯ ಗೋಡೆಗೆ ಬಡಿಯುತ್ತ ಹೋಗುತ್ತಾಳೆ. 24ನೆಯ ನಂಬರಿನ ಆಜ್ಞೆ, ಅನುಮತಿ ಇಲ್ಲದೆ ವಿದ್ಯಾರ್ಥಿಗಳು ಸಂಘ ಕಟ್ಟಬಾರದು ಎಂದು. ಹುಡುಗರು ಗುಟ್ಟಾಗಿ ಒಂದು ಸಂಘ ಕಟ್ಟಿದ ಮೇಲೆ ಬಂದದ್ದು! ಕೆಲಸ ನಡೆದುಹೋದ ಮೇಲೆ ಅದನ್ನು ನಿಷೇಧಿಸುವ ಕಾಗದ ಬರುವುದು ಕಚೇರಿಗಳಲ್ಲಿ ದುಡಿದ ಯಾರಿಗೂ ಹೊಸದಲ್ಲ. ರೌಲಿಂಗ್ ಎಲ್ಲೋ ಗುಮಾಸ್ತೆ ಕೆಲಸ ಮಾಡಿರಬೇಕು ಎಂದುಕೊಂಡೆ. ನೋಡಿದರೆ ಚಿಕ್ಕ ವಯಸ್ಸಿನಲ್ಲಿ ನಿಜವಾಗಿಯೂ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ದುಡಿದವರೇ.

ಈಗ ಸಾವಿನ ವಿಷಯಕ್ಕೆ ಬರುತ್ತೇನೆ. ಸಿರಿಯಸ್ ಬ್ಲ್ಯಾಕ್ ಹ್ಯಾರಿಯ ತಂದೆಯ ಪ್ರಾಣಸ್ನೇಹಿತ, ಹ್ಯಾರಿಗೆ ಧರ್ಮಪಿತ. ಮೂರನೆಯ ಪುಸ್ತಕದಲ್ಲಿ ಸಿಕ್ಕವನು. ತಂದೆ ಎನ್ನುವುದಕ್ಕೆ ಹ್ಯಾರಿಗೆ ಉಳಿದದ್ದು ಅವನೊಬ್ಬ. ಐದನೆಯ ಪುಸ್ತಕದ ಕೊನೆಯಲ್ಲಿ ಹೋರಾಟದ ನಡುವೆ ಒಂದು ಮಂತ್ರದ ಪೆಟ್ಟು ಬಿದ್ದು, ಹಳೆಯ ಕಲ್ಲಿನ ಕಮಾನಿಗೆ ತೂಗುಬಿಟ್ಟ ಹರಿದ ಪರದೆಯ ಹಿಂದಕ್ಕೆ ಬಿದ್ದುಬಿಡುತ್ತಾನೆ. ಅಷ್ಟೇ. ಆ ಕಡೆಯಿಂದ ಹೊರಬರುವುದಿಲ್ಲ. ದೇಹವಿಲ್ಲ, ಸಂಸ್ಕಾರವಿಲ್ಲ, ಕೊನೆಯ ಮಾತಿಲ್ಲ.

ಓದುಗರು ನಂಬಲಿಲ್ಲ. ನಂಬಲಿಲ್ಲ ಎಂದರೆ ನಿಜಕ್ಕೂ ನಂಬಲಿಲ್ಲ. ಪರದೆ ಎಂದರೆ ಬಾಗಿಲು, ಬಾಗಿಲೆಂದ ಮೇಲೆ ವಾಪಸು ಬರಬಹುದು ಎಂದು ಮುಂದಿನ ನಾಲ್ಕು ವರ್ಷ ವಾದ ಮಾಡಿದರು. ಸಿರಿಯಸ್ ಹ್ಯಾರಿಗೆ ಕೊಟ್ಟಿದ್ದ ಮಾಯಾಕನ್ನಡಿ ಇದೆಯಲ್ಲ, ಅದರಲ್ಲಿ ಕಾಣಿಸಿಕೊಳ್ಳುತ್ತಾನೆ ಎಂದರು. ಪ್ರತಿ ಸಾಲನ್ನೂ ಬಗೆದು ಸುಳಿವು ಹುಡುಕಿದರು. ಮನೆಯಲ್ಲಿ ಸಾವಾದಾಗ ಮನಸ್ಸು ಏನು ಮಾಡುತ್ತದೋ ಅದನ್ನೇ ಲಕ್ಷಾಂತರ ಜನ ಒಟ್ಟಿಗೆ ಮಾಡಿದರು.

ಇಂಥ ಹಟಕ್ಕೆ ಹಿಂದೆ ಒಮ್ಮೆ ಫಲ ಸಿಕ್ಕಿತ್ತು. 1893ರಲ್ಲಿ ಕಾನನ್ ಡಾಯಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿದಾಗ ಓದುಗರು ರೊಚ್ಚಿಗೆದ್ದು ಪತ್ರಿಕೆಯ ಚಂದಾ ನಿಲ್ಲಿಸಿದರು, ಬೈದು ಕಾಗದ ಬರೆದರು. ಹತ್ತು ವರ್ಷಕ್ಕೆ, 1903ರಲ್ಲಿ, ಹೋಮ್ಸ್ ಸತ್ತೇ ಇರಲಿಲ್ಲ ಎಂಬ ಕಥೆ ಬಂತು. ರೌಲಿಂಗ್ ಜಗ್ಗಲಿಲ್ಲ. ಹಾಗೆಂದು ಕಲ್ಲುಮನಸ್ಸಿನವರೂ ಅಲ್ಲ. ಪುಸ್ತಕ ಬಿಡುಗಡೆಯಾದಾಗ ಬಿಬಿಸಿಯ ಸಂದರ್ಶನದಲ್ಲಿ ಅವರೇ ಹೇಳಿದ್ದು: ಆ ಸಾವನ್ನು ಬರೆದು ಮುಗಿಸಿ ಅಳುತ್ತ ಅಡುಗೆಮನೆಗೆ ಹೋದರಂತೆ. ಗಂಡ ಏನೆಂದು ಕೇಳಿದರೆ, ಒಬ್ಬರನ್ನು ಕೊಂದುಬಿಟ್ಟೆ ಎಂದರು. ಹಾಗಾದರೆ ಕೊಲ್ಲಬೇಡ ಅಂದರು ಗಂಡ. ವೈದ್ಯರು ಅವರು, ಅವರಿಗೆ ಸಹಜವಾಗಿ ಹಾಗೇ ತೋಚಿರಬೇಕು. ಅದು ಹಾಗಲ್ಲ, ಮಕ್ಕಳ ಪುಸ್ತಕ ಬರೆಯುವವರು ನಿರ್ದಯರಾಗಿರಬೇಕಾಗುತ್ತದೆ ಎಂದು ಇವರು ಉತ್ತರ ಕೊಟ್ಟರು.

ಇದೇ ಪುಸ್ತಕದಲ್ಲಿ ಇನ್ನೊಂದು ಸಾವೂ ಆಗಬೇಕಿತ್ತು ಎಂಬುದು ಆಮೇಲೆ ತಿಳಿಯಿತು. ರಾನ್‌ನ ತಂದೆ ಆರ್ಥರ್ ವೀಸ್ಲಿಗೆ ದೊಡ್ಡ ಹಾವು ಕಚ್ಚುತ್ತದೆ, ಆಸ್ಪತ್ರೆ ಸೇರಿ ಬದುಕಿಕೊಳ್ಳುತ್ತಾರೆ. ಮೊದಲಿನ ಯೋಚನೆಯಲ್ಲಿ ಅವರು ಸಾಯುವವರೇ. ಇಡೀ ಸರಣಿಯಲ್ಲಿ ಒಳ್ಳೆಯ ಅಪ್ಪ ಎಂದು ಉಳಿದಿರುವುದು ಇವರೊಬ್ಬರೇ ಎಂದು ರೌಲಿಂಗ್ ಕೈ ತಡೆದರು. ಪುಸ್ತಕ ಉದ್ದವಾಯಿತು ಎಂಬ ದೂರನ್ನೂ ಮುಂದೆ ಒಪ್ಪಿಕೊಂಡರು, ಕಡಿಮೆ ಮಾಡಬಹುದಿತ್ತು, ಸಮಯವೂ ಶಕ್ತಿಯೂ ಮುಗಿದಿತ್ತು ಎಂದು. ಕೂಗಾಟದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಇಷ್ಟೆಲ್ಲ ಅನುಭವಿಸಿದ ಹುಡುಗನಿಗೆ ಸಿಟ್ಟು ಬರದಿದ್ದರೆ ಅದೇ ಸುಳ್ಳು ಎಂಬುದು ಅವರ ನಿಲುವು.

ನಮ್ಮ ಬೆಳಗಿನ ವಾಕಿಂಗ್ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಮಕ್ಕಳ ಪುಸ್ತಕದಲ್ಲಿ ಸಾವು, ಸಿಟ್ಟು ಎರಡೂ ಬರಬಾರದು ಎಂದು ಅವರ ವಾದ. ಸ್ವಾಮಿ, ನೀವು ನಲವತ್ತು ವರ್ಷ ಮೂರನೇ ಕ್ಲಾಸಿಗೆ ಗೋವಿನ ಹಾಡು ಹೇಳಿಕೊಟ್ಟವರಲ್ಲವೇ, ಎಂದೆ. ಪುಣ್ಯಕೋಟಿ ಕರುವನ್ನು ಅಕ್ಕಂದಿರಿಗೆ ಒಪ್ಪಿಸಿ ಸಾಯಲು ಹೊರಡುವಾಗ ಕಣ್ಣೊರೆಸಿಕೊಳ್ಳದ ಮಗು ಯಾವ ಕ್ಲಾಸಿನಲ್ಲಿತ್ತು? ಕೊನೆಗೆ ಹುಲಿ ಪ್ರಾಣ ಬಿಡುತ್ತದಲ್ಲ, ಅದನ್ನು ಬಿಟ್ಟು ಪಾಠ ಮಾಡಿದಿರಾ? ಅಭಿಮನ್ಯು ಕಾಳಗದ ಆಟ ನೋಡಲು ನಮ್ಮನ್ನು ಚಾಪೆ ಸುತ್ತಿಕೊಂಡು ಕರೆದೊಯ್ಯುತ್ತಿದ್ದವರು ನಮ್ಮ ಅಜ್ಜಂದಿರೇ. ಹದಿನಾರು ವರ್ಷದ ಹುಡುಗನನ್ನು ಇಷ್ಟು ಜನ ದೊಡ್ಡವರು ಸೇರಿ ಕೊಲ್ಲುವುದನ್ನು ನಾವು ಎಂಟನೇ ವಯಸ್ಸಿಗೆ ಕಣ್ಣು ಬಿಟ್ಟುಕೊಂಡು ನೋಡಿದೆವು. ಮೇಷ್ಟ್ರು ಒಪ್ಪಲಿಲ್ಲ. ಅದು ಪುರಾಣ, ಇದು ಮಾಟಮಂತ್ರ ಎಂದರು. ಎರಡು ಸುತ್ತು ಮೌನವಾಗಿ ನಡೆದೆವು.

ರೌಲಿಂಗ್ ಹ್ಯಾರಿಯ ಕಥೆಯನ್ನು ಕಲ್ಪಿಸಿ ಬರೆಯಲು ತೊಡಗಿದ್ದು 1990ರಲ್ಲಿ. ಆ ವರ್ಷ ಮುಗಿಯುವ ಹೊತ್ತಿಗೆ ಅವರ ತಾಯಿ ತೀರಿಕೊಂಡರು. ನರಗಳನ್ನು ತಿನ್ನುವ ಸ್ಕ್ಲೆರೋಸಿಸ್ ಕಾಯಿಲೆ, ವಯಸ್ಸು 45. ಮಗಳು ಇಂಥ ಕಥೆ ಬರೆಯುತ್ತಿದ್ದಾಳೆಂದು ತಾಯಿಗೆ ತಿಳಿಸಿಯೂ ಇರಲಿಲ್ಲ. ಇದು ಗೊತ್ತಾದ ಮೇಲೆ ನಾನು ಆ ಪರದೆಯ ಪುಟಗಳನ್ನು ಇನ್ನೊಂದು ಸಲ ಓದಿದೆ.

ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪರದೆಯೂ ಅಲ್ಲ, ಯುದ್ಧವೂ ಅಲ್ಲ. ನೆವಿಲ್ ಎಂಬ ಮರೆಗುಳಿ ಹುಡುಗ. ಅಜ್ಜಿಯೇ ಸಾಕಿದವನು. ಅಜ್ಜಿ ಎಂದರೆ ಗಟ್ಟಿಗಿತ್ತಿ, ಟೋಪಿಯ ಮೇಲೆ ಹುಲ್ಲು ತುಂಬಿದ ರಣಹದ್ದು ಕೂರಿಸಿಕೊಂಡು ಓಡಾಡುವವಳು. ಕ್ರಿಸ್‌ಮಸ್ ರಜೆಯಲ್ಲಿ ಹ್ಯಾರಿ ಮತ್ತು ಗೆಳೆಯರು ಆಸ್ಪತ್ರೆಯ ಒಂದು ವಾರ್ಡಿಗೆ ಆಕಸ್ಮಿಕವಾಗಿ ಹೋದಾಗ ಅಲ್ಲಿ ನೆವಿಲ್ ಇದ್ದಾನೆ. ಅವನ ತಂದೆತಾಯಿ ದುಷ್ಟರ ಹಿಂಸೆಯಿಂದ ಬುದ್ಧಿ ಕಳೆದುಕೊಂಡು ವರ್ಷಗಟ್ಟಲೆ ಅಲ್ಲೇ ಇರುವವರು, ಮಗನ ಗುರುತೂ ಇಲ್ಲದವರು. ಕೂದಲು ಬೆಳ್ಳಗಾದ ತಾಯಿ ಮೆಲ್ಲಗೆ ಬಂದು ಅವನ ಕೈಯಲ್ಲಿ ಏನನ್ನೋ ಇಡುತ್ತಾಳೆ. ಬಬಲ್‌ಗಮ್ಮಿನ ಖಾಲಿ ಕಾಗದ. ಇಂಥವನ್ನು ಬೇಕಾದಷ್ಟು ಕೊಟ್ಟಾಗಿದೆ, ಕಸದಬುಟ್ಟಿಗೆ ಹಾಕು ಎನ್ನುತ್ತಾಳೆ ಅಜ್ಜಿ. ಹುಡುಗ ಹೂಂ ಅನ್ನುತ್ತಾನೆ, ಹೊರಡುವಾಗ ಅದನ್ನು ಮೆಲ್ಲಗೆ ಜೇಬಿಗೆ ಸೇರಿಸುತ್ತಾನೆ. ಅಷ್ಟೇ ಇರುವುದು. ಈ ಪುಸ್ತಕದ ಕತ್ತಲೆಯ ಬಗ್ಗೆ ದೂರುವವರು ಈ ಒಂದು ಪುಟಕ್ಕಾಗಿಯಾದರೂ ಉಳಿದ 765ನ್ನು ಕ್ಷಮಿಸಬೇಕು ಎಂದು ನನ್ನ ಅಭಿಪ್ರಾಯ. 2007ರ ಸಿನಿಮಾದಲ್ಲಿ ಈ ದೃಶ್ಯವೇ ಇಲ್ಲ. ಅತಿ ದೊಡ್ಡ ಪುಸ್ತಕವನ್ನು ಎರಡು ಗಂಟೆ ಹದಿನೆಂಟು ನಿಮಿಷಕ್ಕೆ ಇಳಿಸಿದರೆ ಇನ್ನೇನಾಗುತ್ತದೆ?

ನನ್ನ ಮೊಮ್ಮಗಳು ಮೊದಲ ನಾಲ್ಕು ಪುಸ್ತಕಗಳನ್ನು ಒಬ್ಬಳೇ ಓದಿದವಳಲ್ಲ. ಓದಿದಷ್ಟನ್ನೂ ಸಂಜೆ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ನನ್ನ ಹೆಂಡತಿ ಅವರೆಕಾಯಿ ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುತ್ತಿದ್ದಳು. ಅವಳ ಬಾಯಲ್ಲಿ ವೋಲ್ಡೆಮಾರ್ಟ್ ಹೊರಳುತ್ತಿರಲಿಲ್ಲ, ‘ಮೂಗಿಲ್ಲದವನು’ ಎನ್ನುತ್ತಿದ್ದಳು. ಡಂಬಲ್ಡೋರ್ ‘ಗಡ್ಡದ ಮೇಷ್ಟ್ರು’. ಸೆಡ್ರಿಕ್ ಸತ್ತ ಭಾಗ ಹೇಳಿದ ದಿನ ಮೊಮ್ಮಗಳು ಯುದ್ಧವನ್ನು ಕೈಕಾಲು ಬೀಸಿ ವರ್ಣಿಸುತ್ತಿದ್ದರೆ ಇವಳು ಕೆಲಸ ನಿಲ್ಲಿಸಿ, “ಆ ಹುಡುಗನ ತಾಯಿಗೆ ಯಾರು ಹೇಳಿದರು?” ಎಂದು ಕೇಳಿದಳು. ಮೊಮ್ಮಗಳಿಗೆ ನೆನಪಿರಲಿಲ್ಲ. ಎದ್ದು ಹೋಗಿ ಪುಟ ತಿರುವಿ ಹುಡುಕಿಕೊಂಡು ಬಂದಳು. ಸೆಡ್ರಿಕ್‌ನ ತಂದೆತಾಯಿ ಶಾಲೆಗೆ ಬರುತ್ತಾರೆ, ಹ್ಯಾರಿ ತನಗೆ ಬಂದ ಬಹುಮಾನದ ಹಣವನ್ನು ಅವರಿಗೆ ಕೊಡಹೋಗುತ್ತಾನೆ, ತಾಯಿ ಬೇಡವೆನ್ನುತ್ತಾಳೆ. ಅದನ್ನು ಕೇಳಿಸಿಕೊಂಡ ಮೇಲೇ ಇವಳು ಮತ್ತೆ ಅವರೆಕಾಯಿಗೆ ಕೈ ಹಾಕಿದ್ದು. ಆ ಪುಸ್ತಕದ ಬಗ್ಗೆ ನಾನು ಎಷ್ಟೋ ಅಭಿಪ್ರಾಯ ಓದಿದ್ದೇನೆ, ಈ ಪ್ರಶ್ನೆ ಎಲ್ಲೂ ಕಂಡಿಲ್ಲ.

ಐದನೆಯದನ್ನು ಕೇಳಲು ಅವಳು ಇರಲಿಲ್ಲ. ಕಳೆದ ವರ್ಷ ಕಾರ್ತಿಕದಲ್ಲಿ ಹೋದಳು. ಹನ್ನೊಂದು ದಿನ ತೀವ್ರನಿಗಾ ಘಟಕ. ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ. ದಿನಾ ಸಂಜೆ ಡಾಕ್ಟರು ನಮಗೆ ಸ್ವಲ್ಪ ಸುಧಾರಿಸಿದ್ದಾರೆ ಎನ್ನುತ್ತಿದ್ದರು, ನಾವು ಮನೆಗೆ ಬಂದು ಹುಡುಗಿಗೆ ಅದನ್ನೇ ಹೇಳುತ್ತಿದ್ದೆವು. ಹನ್ನೆರಡನೆಯ ದಿನ ಬೆಳಗ್ಗೆ ಹೇಳಲು ಬೇರೆ ಮಾತು ಇತ್ತು.

ಆಮೇಲೆ ಮೂರು ತಿಂಗಳು ಹುಡುಗಿ ಹ್ಯಾರಿ ಪಾಟರ್ ಮುಟ್ಟಲಿಲ್ಲ. ಮಾತು ಮಾತಿಗೆ ರೇಗುತ್ತಿದ್ದಳು. ತಾಯಿಯ ಮೇಲೆ ಹೆಚ್ಚು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಐದನೆಯ ಪುಸ್ತಕ ತೆಗೆದುಕೊಂಡು ಕೋಣೆ ಸೇರಿದಳು. ಈ ಸಲ ಯಾರಿಗೂ ಕಥೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳು ಮುಗಿಸಿದ ಮೇಲೆ ಟೇಪು ಬಿಟ್ಟುಕೊಂಡಿತ್ತು, ಅಂಟಿಸಲು ತೆಗೆದುಕೊಂಡೆ. ‘ಸಾಕು ಮಾರಾಯ’ ಎಂದು ಅವಳ ತಾಯಿ ಬರೆದಿದ್ದ ಕಡೆ ಕೆಳಗೆ ಹೊಸ ಅಕ್ಷರ, ನೀಲಿ ಪೆನ್ನು: ‘ಅಮ್ಮಾ, ಅವನಿಗೆ ಯಾರೂ ಏನೂ ಹೇಳಿಲ್ಲ. ಓದಿ ನೋಡು.’ ಬರೀ ‘ಸಾಕು’ ಇದ್ದಲ್ಲಿ ‘ಸಾಲದು’. ಅಡ್ಡಗೀಟಿದ್ದಲ್ಲಿ ಅದನ್ನು ರಬ್ಬರಿನಿಂದ ಒರೆಸಿದ್ದಾಳೆ. ಕೊನೆಯ ಭಾಗದಲ್ಲಿ, ಹ್ಯಾರಿ ಪೆಟ್ಟಿಗೆಯಿಂದ ಆ ಮಾಯಾಕನ್ನಡಿ ತೆಗೆದು ಸಿರಿಯಸ್‌ನನ್ನು ಹೆಸರಿಡಿದು ಕರೆಯುತ್ತಾನಲ್ಲ, ಕನ್ನಡಿಯಲ್ಲಿ ತನ್ನ ಮುಖವೇ ಕಾಣುತ್ತದಲ್ಲ, ಆ ಪುಟದಲ್ಲಿ ಏನೂ ಬರೆದಿಲ್ಲ. ಪುಟದ ಮೂಲೆ ಮಾತ್ರ ಮಡಚಿ ಮಡಚಿ ಮೆತ್ತಗಾಗಿದೆ.

ಅದೇ ವಾರ ಒಂದು ಸಂಜೆ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ಕಥೆಯ ಕೊನೆಯಲ್ಲಿ ಹ್ಯಾರಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಸಾಮಾನೆಲ್ಲ ಎತ್ತಿ ಒಗೆದು ಒಡೆಯುತ್ತಾನೆ. ಡಂಬಲ್ಡೋರ್ ತಡೆಯುವುದಿಲ್ಲ. ಎಲ್ಲ ಒಡೆದಾದ ಮೇಲೆ, ತನಗೆ ಎಲ್ಲವೂ ಗೊತ್ತಿತ್ತು, ಹುಡುಗನಿಗೆ ಹೇಳದೆ ಮುಚ್ಚಿಟ್ಟೆ, ಇದು ಮುದುಕನೊಬ್ಬನ ತಪ್ಪು ಎಂದು ಒಪ್ಪಿಕೊಳ್ಳುತ್ತಾರೆ. ಅದನ್ನು ನನಗೆ ಹೇಳಿ, “ತಾತ, ಡಂಬಲ್ಡೋರ್‌ಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತಾ?” ಎಂದು ಕೇಳಿದಳು.

“ಗೊತ್ತಿರಲಿಲ್ಲ ಕಣಮ್ಮ. ಡಾಕ್ಟರು ಹೇಳಿದ್ದನ್ನ ನಾನೂ ನಂಬಿದ್ದೆ. ಹತ್ತನೇ ದಿನ ಅವಳ ಚಪ್ಪಲಿ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೆ, ಮನೆಗೆ ಬರೋವಾಗ ಬೇಕಾಗುತ್ತೆ ಅಂತ.”

“ಅಮ್ಮನಿಗೆ?”

“ಅವಳಿಗೂ ಗೊತ್ತಿರಲಿಲ್ಲ.”

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಚೆಕ್ಕಿನ ಸಹಿ ತಾಳೆ ನೋಡುವಾಗ ನಾವು ನೋಡುತ್ತಿದ್ದ ಹಾಗೆ. ಆಮೇಲೆ ಪುಸ್ತಕ ತಂದು, ಮೊದಲನೆಯ ಅಧ್ಯಾಯದಿಂದ ಕಥೆ ಹೇಳಲು ಶುರು ಮಾಡಿದಳು, ಕನ್ನಡದಲ್ಲಿ. ನಾನು ಓದಿದ್ದೇನೆ ಎಂದು ಅವಳಿಗೆ ಗೊತ್ತು. ನಾನು ನೆನಪಿಸಲಿಲ್ಲ. ಒಂಬತ್ತು ಸಂಜೆ ಹಿಡಿಯಿತು. ಅವಳು ಹೇಳುವಾಗಲೂ ವೋಲ್ಡೆಮಾರ್ಟ್ ಮೂಗಿಲ್ಲದವನೇ, ಡಂಬಲ್ಡೋರ್ ಗಡ್ಡದ ಮೇಷ್ಟ್ರೇ. ಎರಡನೆಯ ಸಂಜೆಯಿಂದ ಅವಳ ತಾಯಿಯೂ ಬಂದು ಕೂತಳು, ಕೂಗಾಟದ ಭಾಗ ಬಂದಾಗ ತುಟಿ ಬಿಚ್ಚಲಿಲ್ಲ.

ಪುಸ್ತಕದ ಕೊನೆಗೆ ಲೂನಾ ಎಂಬ ವಿಚಿತ್ರ ಹುಡುಗಿ ಬರುತ್ತಾಳೆ. ಒಂಬತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು. ಆ ಪರದೆಯ ಹಿಂದೆ ದನಿಗಳು ಕೇಳಿಸಿದವಲ್ಲ, ಅವರು ಅಲ್ಲೇ ಇದ್ದಾರೆ, ಮತ್ತೆ ನೋಡುತ್ತೇವೆ ಎಂದು ಹ್ಯಾರಿಗೆ ಸಲೀಸಾಗಿ ಹೇಳುತ್ತಾಳೆ, ನಾಳೆ ಬಸ್ಸು ಬರುತ್ತದೆ ಎನ್ನುವ ಹಾಗೆ. ಇದು ನಿಜವೋ ಸುಳ್ಳೋ ಪುಸ್ತಕ ಹೇಳುವುದಿಲ್ಲ. ಕೆಲವು ಓದುಗರಿಗೆ ಇದೂ ಒಂದು ಅಸಮಾಧಾನ. ನನ್ನ ಮೊಮ್ಮಗಳು ಆ ಭಾಗವನ್ನು ಹೇಳಿ, “ನನಗೆ ಲೂನಾ ಇಷ್ಟ, ಆದರೆ ಅವಳ ಮಾತು ನಂಬಬೇಕೋ ಬೇಡವೋ ಇನ್ನೂ ಗೊತ್ತಿಲ್ಲ” ಎಂದಳು. ಹನ್ನೆರಡು ವರ್ಷಕ್ಕೆ ಅಷ್ಟು ಸಾಕು. ಎಪ್ಪತ್ತಮೂರಕ್ಕೆ ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ.

ಈಗ ಆರನೆಯದು ಹಿಡಿದಿದ್ದಾಳೆ. 2005ರಲ್ಲಿ ಬಂದದ್ದು, 607 ಪುಟ. ಓದಿದವರಿಗೆ ಗೊತ್ತು, ಅದರ ಕೊನೆಯಲ್ಲಿ ಸಾಯುವವರು ಬಿಳಿಗಡ್ಡದ ಆ ಮುದುಕರೇ. ಮೊಮ್ಮಗಳಿಗೆ ಇನ್ನೂ ಗೊತ್ತಿಲ್ಲ. ಮೊನ್ನೆ ಪುಸ್ತಕವನ್ನು ಮಗುಚಿಟ್ಟು ಕೇಳಿದಳು, “ತಾತ, ಇದರಲ್ಲೂ ಯಾರಾದರೂ ಹೋಗ್ತಾರಾ?”

“ಹೋಗ್ತಾರೆ.”

“ಯಾರು ಅಂತ ಹೇಳಬೇಡಿ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆ ಪುಟ ಹತ್ತಿರ ಬಂದಾಗ ಮಾತ್ರ ಹೇಳಿ. ಇಲ್ಲೇ ಕೂತು ಓದ್ತೀನಿ,” ಎಂದಳು.

ಅವಳು ಈಗ 340ನೆಯ ಪುಟದಲ್ಲಿದ್ದಾಳೆ. ನಾನು ದಿನಾ ರಾತ್ರಿ ಪುಟದ ಗುರುತು ಎಲ್ಲಿದೆ ನೋಡಿ ಮಲಗುತ್ತೇನೆ.